ಸ್ಟ್ರೆಚಿಂಗ್ ಮಾಡಿದರೆ ಪೈಲ್ವಾನನ ಕಸುವು ಇಳಿಯುತ್ತದೆಯೇ?

ತಮ್ಮಾ, ನಿನ್ನ ಪ್ರಶ್ನೆ ಓದಿ ಸುಮ್ಮನಿರಲು ಆಗಲಿಲ್ಲ. ಹಾವೇರಿಯವನು, ಮಣ್ಣಿನಿಂದ ಮ್ಯಾಟಿಗೆ ಬಂದಿದ್ದೀ, ಜೋರ್ (ಜೊತೆಯವನೊಡನೆ ಹಿಡಿದು ಮಾಡುವ ಕುಸ್ತಿ ಅಭ್ಯಾಸ) ಮುಗಿದ ಮೇಲೆ ಉಳಿಯುವ ಒಂದು ತಾಸನ್ನು ಜಿಮ್ಮಿಗೆ ಕೊಡಲೋ ಸ್ಟ್ರೆಚಿಂಗಿಗೆ ಕೊಡಲೋ ಅಂತ ಕೇಳಿದ್ದೀ. ಮೈ ಸಡಿಲಾದರೆ ಕಸುವು ಹೋಗುತ್ತದೆ ಅಂತ ಗೆಳೆಯರು ಹೆದರಿಸಿದ್ದಾರೆ. ನಾನು ಲಕ್ಷ್ಮೇಶ್ವರದ ಕಡೆಯವನು. ಇದೇ ಲೆಕ್ಕ ಹಾಕಿ ಕುಸ್ತಿಯ ಒಳ್ಳೇ ವಯಸ್ಸನ್ನು ಕೈಯಾರೆ ಕಳೆದುಕೊಂಡವನು.

ನಮ್ಮೂರ ಗರಡಿಯಲ್ಲಿ ಸಾಮು ಅಂದರೆ ಬರೀ ದಂಡ, ಬೈಠಕ ಆಗಿರಲಿಲ್ಲ. ನಸುಕಿನಲ್ಲಿ ಹೋದವರು ಮೊದಲು ಸಲಿಕೆ ಹಿಡಿದು ಕಣದ ಕೆಮ್ಮಣ್ಣನ್ನು ಅಗೆದು ಮಗುಚಬೇಕು. ಅದರಲ್ಲೇ ಸೊಂಟ ಎಡಕ್ಕೆ ಬಲಕ್ಕೆ ತಿರುಗಿ ಮೈ ಬೆವರುತ್ತಿತ್ತು. ಆಮೇಲೆ ಕರ್ಲಾ ಅಂದರೆ ಮರದ ಗದೆ ಬೀಸುವುದು, ಜೊತೆಯವನನ್ನು ಹೆಗಲ ಮೇಲೆ ಹೊತ್ತು ಕಣ ಸುತ್ತುವುದು, ಹಗ್ಗ ಏರುವುದು, ನೆತ್ತಿ ಊರಿ ಕುತ್ತಿಗೆಯ ಮೇಲೆ ಮೈ ಎತ್ತಿ ಹಿಡಿಯುವುದು. ಎಲ್ಲಕ್ಕಿಂತ ಕಷ್ಟದ್ದು ಮಲ್ಲಕಂಬ. ಔಡಲೆಣ್ಣೆ ಸವರಿದ ಸಾಗವಾನಿ ಕಂಬವನ್ನು ತೊಡೆಸಂದಿಯಲ್ಲಿ, ಕಂಕುಳಲ್ಲಿ, ಹೆಬ್ಬೆರಳ ಸಂದಿಯಲ್ಲಿ ಹಿಡಿದು ತಲೆಕೆಳಗಾಗಿ ಹೊರಳಬೇಕು. "ಮೊದ್ಲ ಕಂಬಾ ಏರ್ರೋ, ಆಮ್ಯಾಲೆ ಜೋರ್ ಹಿಡೀರಿ" ಅನ್ನುವುದು ಕುಸ್ತಿ ಕಲಿಸುವ ನಮ್ಮ ವಸ್ತಾದರ ಕಾಯಂ ಮಾತು. ಇದು ನಿನ್ನೆ ಮೊನ್ನೆಯ ಪದ್ಧತಿಯೂ ಅಲ್ಲ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಮಲ್ಲರಿಗಾಗಿಯೇ ಒಂದು ಭಾಗವಿದೆ, ಅವರ ಅಭ್ಯಾಸಗಳಲ್ಲಿ ಕಂಬವೂ ಇದೆ. ನಮ್ಮ ಸೀಮೆಯನ್ನೇ ಆಳಿದ ರಾಜ ಅವನು.

ಕಾಲೇಜಿಗೆ ಹುಬ್ಬಳ್ಳಿಗೆ ಬಂದೆ. ರೂಮಿನ ಹತ್ತಿರವೇ ಜಿಮ್ ಇತ್ತು. ಮೊದಲ ಸಲ ನನ್ನ ಕಸುವಿಗೆ ಒಂದು ಅಂಕಿ ಸಿಕ್ಕಿತು. ಹೋದ ವಾರಕ್ಕಿಂತ ಈ ವಾರ ಎರಡೂವರೆ ಕೆಜಿ ಹೆಚ್ಚು, ಬರೆದಿಡು, ಮುಂದೆ ಹೋಗು. ಮಲ್ಲಕಂಬದಲ್ಲಿ ಅಂಥ ಅಂಕಿ ಎಲ್ಲಿದೆ? ಅಗೆಯುವುದರಲ್ಲಿ, ಹೊತ್ತು ತಿರುಗುವುದರಲ್ಲಿ ಎಲ್ಲಿದೆ? ಅವೆಲ್ಲ ಹುಡುಗರ ಆಟ ಅನ್ನಿಸತೊಡಗಿತು. ಊರಿಗೆ ಹೋದಾಗಲೂ ಕಂಬ ಮುಟ್ಟಲಿಲ್ಲ.

ಇಲ್ಲಿ ನಾನು ಏನು ತಪ್ಪಿದೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನು ತಪ್ಪಾಗಿ ತಿಳಿಯುತ್ತಾರೆ. ನಾನು ಸ್ಟ್ರೆಚಿಂಗ್ ಬಿಟ್ಟಿರಲಿಲ್ಲ. ಜಿಮ್ ಮುಗಿದ ಮೇಲೆ ಬಗ್ಗಿ ಕಾಲ್ಬೆರಳು ಮುಟ್ಟುತ್ತಿದ್ದೆ, ಅಂಗೈ ನೆಲಕ್ಕೆ ಹತ್ತುತ್ತಿತ್ತು ಕೂಡ. ನಾನು ಬಿಟ್ಟದ್ದು ಬಗೆಬಗೆಯ ಚಲನೆಯನ್ನು. ನಾನು ಉಳಿಸಿಕೊಂಡ ವ್ಯಾಯಾಮಗಳನ್ನು ಒಂದೊಂದಾಗಿ ನೋಡು: ಭಾರ ಹೊತ್ತು ಕೂತೇಳುವ ಸ್ಕ್ವಾಟ್, ಅದೂ ಭಾರ ಹೆಚ್ಚು ಹಾಕುವ ಆಸೆಗೆ ಅರ್ಧಕ್ಕೇ ನಿಲ್ಲಿಸುವುದು. ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್. ಮಲಗಿ ಎದೆಯ ಮೇಲಿಂದ ಭಾರ ಎತ್ತುವ ಬೆಂಚ್ ಪ್ರೆಸ್. ದಂಡ. ಬೈಠಕ. ಎಲ್ಲದರಲ್ಲೂ ಮೈ ಹೋಗುವುದು ಮೇಲೆ ಕೆಳಗೆ, ಹಿಂದೆ ಮುಂದೆ. ಪಕ್ಕಕ್ಕೆ ಹೋಗುವುದೇ ಇಲ್ಲ. ತೊಡೆಯ ಕೀಲು ಒಳಕ್ಕೆ ತಿರುಗುವುದೇ ಇಲ್ಲ. ನಮ್ಮ ಬೈಠಕದಲ್ಲಿ ಇನ್ನೊಂದು ವಿಷಯವಿದೆ. ಕೆಳಗೆ ಹೋಗುವಾಗ ಹಿಮ್ಮಡಿ ಮೇಲೇಳುತ್ತದೆ. ದಮ್ಮು ಬೆಳೆಸಲು ಅದು ಬಹಳ ಒಳ್ಳೆಯದು, ಆದರೆ ಹಿಮ್ಮಡಿ ನೆಲಕ್ಕೆ ಊರಿಕೊಂಡೇ ತಳದವರೆಗೆ ಕೂತು ಏಳುವ ಅಭ್ಯಾಸ ಅದೊಂದರಿಂದಲೇ ಬರುವುದಿಲ್ಲ. ಗರಡಿಯಲ್ಲಿ ಈ ಕೊರತೆಯನ್ನು ಕಂಬ, ಸಲಿಕೆ, ಹಗ್ಗ ತುಂಬುತ್ತಿದ್ದವು. ನಾನು ಅವನ್ನು ಕಿತ್ತೆಸೆದು ಬೈಠಕವನ್ನಷ್ಟೇ ಇಟ್ಟುಕೊಂಡೆ.

ಅದರ ಬೆಲೆ ಅಂತರ ಕಾಲೇಜು ಕುಸ್ತಿಯಲ್ಲಿ ತೆತ್ತೆ. ಎದುರಿಗಿದ್ದವನು ನೋಡಲು ನನಗಿಂತ ಸಣಕಲ. ಎರಡನೇ ಸುತ್ತಿನ ಹೊತ್ತಿಗೆ ನಾನೇ ಮುಂದಿದ್ದೆ. ಅವನು ತಗ್ಗಿ ನುಗ್ಗಿ ನನ್ನ ಬಲಗಾಲು ಹಿಡಿದ, ಎತ್ತಿ ಪಕ್ಕೆಗೆ ಅವುಚಿಕೊಂಡ. ಸಿಂಗಲ್ ಲೆಗ್, ದಿನಾ ನೋಡುವ ಪಟ್ಟು. ಬಿಡಿಸಿಕೊಳ್ಳುವ ದಾರಿಯೂ ಗೊತ್ತಿರುವುದೇ: ಮೊಣಕಾಲನ್ನು ಒಳಕ್ಕೆ ತಿರುಗಿಸಿ, ಪಾದ ಕೆಳಗೆ ಮಾಡಿ, ಇಡೀ ಕಾಲನ್ನು ಜೀವವಿಲ್ಲದಂತೆ ಸಡಿಲ ಬಿಟ್ಟು ಜಾರಿಸಿ ಎಳೆದುಕೊಳ್ಳಬೇಕು. ಊರಲ್ಲಿದ್ದಾಗ ಯೋಚಿಸದೆಯೇ ಮಾಡುತ್ತಿದ್ದೆ. ಅವತ್ತು ತೊಡೆ ಒಳಕ್ಕೆ ತಿರುಗಲಿಲ್ಲ. ಅಲ್ಲಿ ಜಾಗವೇ ಇರಲಿಲ್ಲ. ಜಾಗ ಇಲ್ಲದಾಗ ಮೈ ಏನು ಮಾಡುತ್ತದೆ? ಬಿಗಿಯುತ್ತದೆ. ಜಿಮ್ಮಿನಲ್ಲಿ ಗಳಿಸಿದ ಕಸುವನ್ನೆಲ್ಲ ಹಾಕಿ ಕಾಲನ್ನು ಹಿಂದಕ್ಕೆ ಜಗ್ಗಿದೆ. ಅವನು ನನ್ನ ಜಗ್ಗಾಟವನ್ನೇ ಬಳಸಿಕೊಂಡು ಪಕ್ಕಕ್ಕೆ ತಿರುಗಿದ. ಊರಿದ್ದ ಕಾಲು ಅಲ್ಲೇ ಉಳಿಯಿತು, ಹಿಡಿದಿದ್ದ ಕಾಲು ಅಗಲಕ್ಕೆ ಹೋಯಿತು, ತೊಡೆಯ ಒಳಭಾಗದ ಸ್ನಾಯು ಹರಿಯಿತು. ನನಗೆ ಆ ಸದ್ದು ಕೇಳಿಸಿತು. ಬಿದ್ದದ್ದು ಬೆನ್ನ ಮೇಲೆ.

ಅದೇ ತೊಡೆ ಜಿಮ್ಮಿನಲ್ಲಿ ನನ್ನ ತೂಕದ ಎರಡರಷ್ಟು ಎತ್ತುತ್ತಿತ್ತು. ಕಸುವು ಇತ್ತು, ಆ ಕೋನದಲ್ಲಿ ಇರಲಿಲ್ಲ. ಸ್ನಾಯು ಯಾವ ಉದ್ದದಲ್ಲಿ, ಯಾವ ದಿಕ್ಕಿನಲ್ಲಿ ದುಡಿಯುತ್ತದೋ ಹೆಚ್ಚಾಗಿ ಅಲ್ಲೇ ಬಲ ಬೆಳೆಸಿಕೊಳ್ಳುತ್ತದೆ. ಪರಿಚಯವಿಲ್ಲದ ಕೋನಕ್ಕೆ ಯಾರೋ ಎಳೆದರೆ ನರಮಂಡಲ ಅಪಾಯ ಅಂತ ತಿಳಿದು ಬಿಗಿದು ಕಾಪಾಡಲು ನೋಡುತ್ತದೆ. ಕುಸ್ತಿಯಲ್ಲಿ ಎದುರಾಳಿಯ ಕೆಲಸವೇ ನಿನ್ನನ್ನು ಪರಿಚಯವಿಲ್ಲದ ಕೋನಕ್ಕೆ ಎಳೆಯುವುದು.

ಮತ್ತೆ ಮ್ಯಾಟ್ ಹತ್ತುವ ಹೊತ್ತಿಗೆ ಕಾಲೇಜು ಮುಗಿದಿತ್ತು. ಆಮೇಲೆ ಜಾತ್ರೆಯ ನಿಕಾಲಿ ಕುಸ್ತಿಗಳನ್ನು (ಅಂಕವಿಲ್ಲದೆ, ಒಬ್ಬ ಚಿತ್ ಆಗುವವರೆಗೆ ನಡೆಯುವಂಥವು) ಆಡಿದೆ, ರಾಜ್ಯದ ತಂಡದ ಕನಸು ಮಾತ್ರ ಅಲ್ಲಿಗೇ ನಿಂತಿತು. ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟ್ ಒಬ್ಬರು ನನ್ನನ್ನು ಎಬ್ಬಿಸಿದ ರೀತಿಯಲ್ಲೇ ನಿನ್ನ ಪ್ರಶ್ನೆಗೆ ಉತ್ತರವಿದೆ. ಅವರು ಕಾಲು ಎಳೆದು ಹಿಡಿದು ಕೂಡಿಸಲಿಲ್ಲ. ಮೊದಲು ಮೊಣಕಾಲುಗಳ ನಡುವೆ ಚೆಂಡು ಒತ್ತಿಸಿದರು, ಆಮೇಲೆ ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಬೆಂಚಿನ ಮೇಲಿಟ್ಟು ಮೈ ಎತ್ತಿಸಿದರು, ಕೊನೆಗೆ ಅಗಲಕ್ಕೆ ಹೆಜ್ಜೆ ಇಟ್ಟು ಒಂದು ಕಾಲಿನ ಮೇಲೆ ತಳದವರೆಗೆ ಕೂರಿಸಿದರು. ಸ್ನಾಯು ಉದ್ದವಾಗುತ್ತಲೇ ಭಾರ ಹೊರುವುದನ್ನು ಕಲಿಯಿತು.

ಆದ್ದರಿಂದ ಜಿಮ್ಮೋ ಸ್ಟ್ರೆಚಿಂಗೋ ಅನ್ನುವ ನಿನ್ನ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪೂರ್ತಿ ಆಳಕ್ಕೆ ಹೋಗಿ ಎತ್ತಿದ ಭಾರ ಸ್ಟ್ರೆಚಿಂಗಿನಷ್ಟೇ ಮೈ ಬಿಡಿಸುತ್ತದೆ. ಜಿಮ್ ಬಿಡಬೇಡ, ಅರ್ಧ ಸ್ಕ್ವಾಟ್ ಬಿಡು. ಭಾರ ಇಳಿಸು, ಹಿಮ್ಮಡಿ ನೆಲದಲ್ಲಿರಲಿ, ತಳದವರೆಗೆ ಕೂತು ಏಳು. ಪಕ್ಕದ ಲಂಜ್ ಸೇರಿಸು, ಅಂದರೆ ಒಂದು ಕಾಲನ್ನು ಅಗಲಕ್ಕೆ ಇಟ್ಟು ಆ ಕಾಲಿನ ಮೇಲೆ ಕೂತು ಏಳುವುದು. ಸೊಂಟ ತಿರುಗಿಸಿ ಎತ್ತುವ, ಎಸೆಯುವ ಕೆಲಸ ಸೇರಿಸು. ಮರಳಿನ ಚೀಲ ಸಾಕು, ಅದಕ್ಕೆ ಮಷೀನು ಬೇಡ.

ಗೆಳೆಯರು ಹೇಳಿದ್ದರಲ್ಲಿ ನಿಜವೂ ಸ್ವಲ್ಪ ಇದೆ. ಕುಸ್ತಿಗೆ ಇಳಿಯುವ ಮುಂಚೆ ಒಂದೇ ಸ್ನಾಯುವನ್ನು 60 ಸೆಕೆಂಡಿಗಿಂತ ಹೆಚ್ಚು ಎಳೆದು ಹಿಡಿದರೆ ಆ ಹೊತ್ತಿನ ಬಲ ಕೊಂಚ ಇಳಿಯುತ್ತದೆ. ಅದು ಆ ಹೊತ್ತಿನ ಮಾತು, ಶಾಶ್ವತ ಅಲ್ಲ. ಎಳೆದು ಹಿಡಿಯುವುದೆಲ್ಲ ಜೋರ್ ಮುಗಿದ ಮೇಲೆ, ಮೈ ಬಿಸಿ ಇರುವಾಗ ಇರಲಿ. ಮುಂಚೆ ಮೈ ಓಡಾಡಬೇಕು. 2020ರ ಫೆಬ್ರುವರಿಯಲ್ಲಿ ಧಾರವಾಡದಲ್ಲಿ ಕರ್ನಾಟಕ ಕುಸ್ತಿ ಹಬ್ಬ ಆದಾಗ ನಾನು ಕುಸ್ತಿಗಿಂತ ಹೆಚ್ಚು ನೋಡಿದ್ದು ಪೈಲ್ವಾನರು ಮೈ ಬಿಸಿ ಮಾಡಿಕೊಳ್ಳುವುದನ್ನು. ಮುಂದಕ್ಕೆ ಲಾಗ, ಹಿಂದಕ್ಕೆ ಲಾಗ, ಕೈಯೂರಿ ಪಕ್ಕಕ್ಕೆ ಉರುಳುವುದು, ಅಂಬೆಗಾಲು, ಕುತ್ತಿಗೆಯ ಮೇಲೆ ಸುತ್ತು ತಿರುಗುವುದು. ಗೆದ್ದು ಬಂದ ದೊಡ್ಡ ಪೈಲ್ವಾನರು ಇದನ್ನೆಲ್ಲ ಶ್ರದ್ಧೆಯಿಂದ ಮಾಡುತ್ತಿದ್ದರು. ನಾನು ಹುಡುಗರ ಆಟ ಅಂತ ಬಿಟ್ಟಿದ್ದು ಇದನ್ನೇ.

ಕುತ್ತಿಗೆಯ ಅಭ್ಯಾಸವನ್ನು ಬಿಡಲೇಬೇಡ. ಮ್ಯಾಟಿನಲ್ಲಿ ಬೆನ್ನು ನೆಲದ ಕಡೆ ತಿರುಗಿ ನೆಲಕ್ಕೆ 90 ಡಿಗ್ರಿಗಿಂತ ಕಡಿಮೆ ಕೋನಕ್ಕೆ ವಾಲಿದರೆ ಎದುರಾಳಿಗೆ ಅಂಕ ಹೋಗುತ್ತದೆ, ಅಲ್ಲಿಂದ ಎರಡೂ ಭುಜ ನೆಲಕ್ಕೆ ಹತ್ತಿ ಚಿತ್ ಆಗದಂತೆ ಹಿಡಿದು ನಿಲ್ಲಿಸುವುದು ಕುತ್ತಿಗೆ ಮತ್ತು ಬಾಗುವ ಬೆನ್ನು. ಮೊದಮೊದಲು ಕೈ ಊರಿ ಅರ್ಧ ಭಾರ ಹಾಕು. ತೋಳಲ್ಲಿ ಜೋಮು, ಚುಚ್ಚಿದಂತೆ ಆದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸು.

ವಾರಕ್ಕೊಂದು ದಿನ ಬೇರೆ ಆಟ ಆಡು. ಕಬಡ್ಡಿ ನನಗೆ ಎಲ್ಲಕ್ಕಿಂತ ಇಷ್ಟ, ಪಕ್ಕಕ್ಕೆ ಜಿಗಿಯುವುದು, ಹಿಡಿದ ಕಾಲು ಬಿಡಿಸಿಕೊಳ್ಳುವುದು ಎರಡೂ ಅದರಲ್ಲಿವೆ. ಕೋಚ್ ಬೇಡ ಅಂದರೆ ಕಾರಣ ಕೇಳು. ಪಂದ್ಯ ಹತ್ತಿರ ಇದೆ ಅಂದರೆ ಅವರ ಮಾತು ಕೇಳು, ವರ್ಷವಿಡೀ ಬೇಡ ಅಂದರೆ ಕೇಳಬೇಡ.

ಮಲ್ಲಕಂಬ ಹತ್ತಿರ ಇಲ್ಲದಿದ್ದರೆ ಗಟ್ಟಿ ಬೇವಿನ ಕೊಂಬೆಗೆ ದಪ್ಪ ನೂಲಿನ ಹಗ್ಗ ಕಟ್ಟು. ಇವತ್ತು ರಾತ್ರಿ ಇದೊಂದು ಮಾಡಿ ನೋಡು: ಎತ್ತರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು, ಮೊಣಕಾಲು ಅಲುಗದಂತೆ ಇಟ್ಟು ಪಾದವನ್ನು ಹೊರಕ್ಕೆ ಎತ್ತು. ಆಗ ತೊಡೆಯ ಕೀಲು ಒಳಕ್ಕೆ ತಿರುಗುತ್ತದೆ. ಸಾಮಾನ್ಯವಾಗಿ 30ರಿಂದ 45 ಡಿಗ್ರಿ ಹೋಗಬೇಕು. ಎಡ ಬಲ ಎರಡನ್ನೂ ಹೋಲಿಸು. ಕಡಿಮೆ ಇರುವ ಕಡೆಯಿಂದಲೇ ಶುರು ಮಾಡು, ಎಷ್ಟು ಬಂತು ಅಂತ ಕೆಳಗೆ ಬರಿ, ಮುಂದಿನದ್ದು ಹೇಳುತ್ತೇನೆ.