ಮೂರನೇ ಅಧ್ಯಾಯದಲ್ಲೇ ಎಲ್ಲಾ ಹೇಳಿಸಬೇಡಿ

ನಮಸ್ಕಾರ್ರಿ. ನಿಮ್ಮ ಕಾದಂಬರಿಯ ನಾಯಕಿ ಗಂಡ ಸತ್ತ ಮೇಲೆ ಇಳಕಲ್ಲಿನಲ್ಲಿ ಸೀರೆ ನೇಯುವವಳು. ನಾಯಕನ ಮನೆ ಹಳೇ ಬಾಗಲಕೋಟೆಯಲ್ಲಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೋಯ್ತು, ಆ ಕೊರಗಲ್ಲೇ ಅಪ್ಪ ತೀರಿಕೊಂಡರು. ಮೂರನೇ ಅಧ್ಯಾಯದಲ್ಲಿ ಇಬ್ಬರೂ ಎಲ್ಲಾ ಹೇಳಿಕೊಂಡು ಅಳುತ್ತಾರೆ, ಆಮೇಲೆ ಕಥೆ ಮುಂದೆ ಹೋಗ್ತಿಲ್ಲ ಅಂತ ಕೇಳಿದ್ದೀರಿ.

ಆ ಅಳುವ ದೃಶ್ಯ ತೆಗೆದುಬಿಡಿ. ನಮ್ಮ ಕಡೆ ಜನ ನೋವನ್ನು ಹಾಗೆ ಒಂದೇ ಸಲ ಬಿಚ್ಚಿಡಲ್ಲ. ಚಹಾ ಕುಡೀರಿ ಅಂತಾರೆ, ಮಾತು ತಿರುಗಿಸುತ್ತಾರೆ.

ಅವಳ ಕೆಲಸವನ್ನೇ ಬಳಸಿಕೊಳ್ಳಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಕೆಂಪು ರೇಷ್ಮೆ ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಸೇರಿಸುತ್ತಾರೆ. ಅವಳು ಹಾಗೆ ಎಳೆ ಸೇರಿಸುವಾಗ ಅವನು ಎದುರು ಕೂತಿರಲಿ. ಕಣ್ಣು ನೂಲಿನ ಮೇಲೆ ಇರುತ್ತದೆ, ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಅಲ್ಲಿ ಗಂಡನ ಬಗ್ಗೆ ಒಂದೇ ಒಂದು ಮಾತು ಬಂದರೆ ಸಾಕು. ಆ ದೃಶ್ಯವನ್ನು ಅವಸರವಿಲ್ಲದೆ ಬರೆಯಿರಿ, ನಿಮ್ಮ ಕಾದಂಬರಿಯ ಜೀವ ಅಲ್ಲೇ ಇದೆ.

ಅವನ ನೋವೂ ಸಣ್ಣದರಲ್ಲೇ ಕಾಣಲಿ. ಯಾರೋ ವಿಳಾಸ ಕೇಳಿದರೆ ಮನೆ ಮುಳುಗಿದವರಿಗೆ ಕಟ್ಟಿದ ನವನಗರದ ಸೆಕ್ಟರ್ ನಂಬರ್ ಬದಲು ಹಳೇ ಓಣಿಯ ಹೆಸರೇ ಬಾಯಿಗೆ ಬರಲಿ. ಅಪ್ಪನ ವಿಷಯ ತುಂಬಾ ತಡವಾಗಿ, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ದಂಡೆಯಲ್ಲಿ ನಿಂತು ಹೇಳಲಿ.

ಇನ್ನೊಂದು. ಪ್ರೀತಿ ಹುಟ್ಟಿದ ತಕ್ಷಣ ಗಂಡನ ಫೋಟೋ ಗೋಡೆಯಿಂದ ಇಳಿಸಬೇಡಿ, ದಯವಿಟ್ಟು. ಅವಳ ಅತ್ತೆಯ ಬಗ್ಗೆ ನೀವು ಏನೂ ಬರೆದಿಲ್ಲ. ಇದ್ದರೆ ಅವರನ್ನು ಕೆಟ್ಟವರನ್ನಾಗಿ ಮಾಡಬೇಡಿ, ಅವರೂ ಮಗನನ್ನು ಕಳೆದುಕೊಂಡವರು ಅಲ್ವಾ?