ಸೂಜಿಯೂ ಆಕೆಗೆ, ಮಾತೂ ಆಕೆಗೇ?

ಮಹಾದೇವಿಗೆ 31, ಶಿವಶರಣನಿಗೆ 36. ಇಬ್ಬರ ಹೆಸರು, ಗುರುತು ಬದಲಿಸಿದ್ದೇನೆ. ಸೇಡಂ ಕಡೆಯ ಹಳ್ಳಿ, ತೊಗರಿ ಬೆಳೆಯುವ ಮನೆತನ. ಮದುವೆಯಾಗಿ ಎಂಟು ವರ್ಷ. ಕಲಬುರಗಿಯಲ್ಲಿ ಐವಿಎಫ್, ಅಂದರೆ ಅಂಡಾಣು-ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸಿ ಭ್ರೂಣ ಮಾಡುವ ಚಿಕಿತ್ಸೆ, ಶುರು ಮಾಡುವ ಮುನ್ನ ವೈದ್ಯರು ಆಪ್ತಸಮಾಲೋಚಕಿಯಾದ ನನ್ನ ಬಳಿ ಕಳಿಸಿದ್ದರು.

ಆಕೆಯ ಹಾರ್ಮೋನು, ಗರ್ಭಕೋಶ, ಗರ್ಭನಾಳ ಎಲ್ಲ ಸರಿಯಿದ್ದವು. ಆತನ ವೀರ್ಯ ಪರೀಕ್ಷೆ ಎರಡು ಸಲ ಆಗಿತ್ತು. ಎರಡರಲ್ಲೂ ಮಿಲಿಲೀಟರಿಗೆ 30 ಲಕ್ಷದ ಆಸುಪಾಸು ವೀರ್ಯಾಣು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿ 1 ಕೋಟಿ 60 ಲಕ್ಷ. ಅದಕ್ಕೇ ವೈದ್ಯರು ಇಕ್ಸಿ ಹೇಳಿದ್ದರು, ಅಂದರೆ ಒಂದೊಂದು ಅಂಡಾಣುವಿಗೆ ಒಂದೇ ವೀರ್ಯಾಣುವನ್ನು ಸೂಜಿಯಿಂದ ಸೇರಿಸುವುದು.

ಮನೆಯಲ್ಲಿ ನಂಬಿದ್ದೇ ಬೇರೆ. ಅತ್ತೆ ಶರಣಬಸವೇಶ್ವರ ಗುಡಿಗೂ ಬಂದೇ ನವಾಜ್ ದರ್ಗಾಕ್ಕೂ ಹರಕೆ ಹೊತ್ತಿದ್ದರು, ಸೊಸೆಯ ‘ದೋಷ’ ಕಳೆಯಲಿ ಎಂದು. ಓಣಿಯಲ್ಲಿ ಕುಬಸ (ಸೀಮಂತ) ಇದ್ದರೆ ಮಹಾದೇವಿಗೆ ಕರೆಯಿಲ್ಲ. ಶಿವಶರಣ ಬಾಯಿ ಬಿಟ್ಟಿರಲಿಲ್ಲ. “ಅವ್ವಗ ಹ್ಯಾಂಗ ಹೇಳ್ಲಿ ಮೇಡಂ? ಗಂಡಸೇ ಅಲ್ಲ ಅಂತಾರ ಮಂದಿ.”

ಅಂಡಾಣು ಬೆಳೆಯಲೆಂದು ಆಕೆಗೆ ಕೊಡುವ ಮೊದಲ ಇಂಜೆಕ್ಷನ್‌ಗಳನ್ನು ಆಗಲೇ ತಂದಿದ್ದರು. 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದ ಔಷಧಿ. ಮಹಾದೇವಿ ಅದನ್ನು ಸ್ಟೀಲ್ ಡಬ್ಬಿಗೆ ಹಾಕಿ, ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಯ ಹಿಂದೆ ಅಡಗಿಸಿದ್ದಳು. “ಸೂಜಿ ಚುಚ್ಚಿಸ್ಕೊಳ್ಳಾಕ ತಯಾರಿದ್ದೀನ್ರಿ. ಕದ್ದು ಚುಚ್ಚಿಸ್ಕೊಳ್ಳೂದು ಆಗಂಗಿಲ್ಲ” ಎಂದಳು. ಉಳಿದೆಲ್ಲ ಸಲಹೆಗಿಂತ ಮೊದಲು ಇದಕ್ಕೊಂದು ದಾರಿ ಬೇಕು ಅನ್ನಿಸಿತು.

ಶಿವಶರಣ ಒಬ್ಬನೇ ಇದ್ದಾಗ ಅವನ ಜೊತೆ ಮಾತಾಡಿದೆ. ವೀರ್ಯಾಣುವಿನ ಎಣಿಕೆಗೂ ಗಂಡಸ್ತನಕ್ಕೂ ಸಂಬಂಧವಿಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡನ ಕಾರಣವೂ ಇರುತ್ತದೆ. ಊರಿಗೆಲ್ಲ ಸಾರಬೇಕಿಲ್ಲ, ನಾನೂ ಯಾರಿಗೂ ಹೇಳುವುದಿಲ್ಲ. ಆದರೆ ತಾಯಿಗೆ ನೀನೇ ಹೇಳಬೇಕು, ಚಿಕಿತ್ಸೆಗೆ ಮೊದಲೇ ಹೇಳಬೇಕು ಎಂದೆ. ಮಾತನ್ನು ಅಲ್ಲೇ ಕೂತು ಕೂಡಿಸಿದೆವು: “ಅವ್ವಾ, ಕೊರತಿ ನನ್ನ ರಿಪೋರ್ಟಿನಾಗ ಅದ. ಅಕಿಗಿ ಇನ್ನ ಏನೂ ಅನ್ನಬ್ಯಾಡ.” ಮೊದಲ ಸಲ ‘ನನ್ನ’ ಎಂಬಲ್ಲೇ ದನಿ ಹೂತುಹೋಯಿತು. ಮತ್ತೆ ಹೇಳಿಸಿದೆ.

ದುಡ್ಡಿನ ಮಾತು ಇಬ್ಬರನ್ನೂ ಕೂಡಿಸಿ ಆಡಿದೆ. ಎರಡೆಕರೆ ಮಾರಲು ಮನೆಯಲ್ಲಿ ಯೋಚಿಸಿದ್ದರು. ಎಷ್ಟು ಯತ್ನ, ಎಷ್ಟು ಖರ್ಚು ಎಂಬುದನ್ನು ಈಗಲೇ ಬರೆದಿಡಿ, ಸೋಲಿನ ದುಃಖದಲ್ಲಿ ಹೊಲ ಮಾರುವ ತೀರ್ಮಾನ ಬೇಡ ಎಂದೆ. ಉಳಿದ ಭ್ರೂಣಗಳನ್ನು ಶೀತಲೀಕರಿಸಿ ಇಡಬಹುದೇ ಎಂದು ವೈದ್ಯರನ್ನು ಕೇಳಲು ಹೇಳಿದೆ; ಇಟ್ಟರೆ ಮುಂದಿನ ಸಲ ಅಂಡಾಣು ತೆಗೆಯುವ ಕಷ್ಟ ತಪ್ಪಬಹುದು. ಖಾತರಿ ಕೊಡುವ ಜಾಹೀರಾತನ್ನು ದಯವಿಟ್ಟು ನಂಬಬೇಡಿ. ಇಂಥ ಚಿಕಿತ್ಸೆಗಳ ಕುರಿತ 2021ರ ಎಆರ್‌ಟಿ ಕಾಯ್ದೆಯಂತೆ ಕ್ಲಿನಿಕ್ ನೋಂದಣಿಯಾಗಿರಬೇಕು, ಲಿಖಿತ ಒಪ್ಪಿಗೆ ಪಡೆಯಬೇಕು. ಓದದೆ ಸಹಿ ಹಾಕಬಾರದು.

ಇಂಜೆಕ್ಷನ್ ನಡೆಯುವ ಹತ್ತು-ಹನ್ನೆರಡು ದಿನ, ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್ ಇರುತ್ತದೆ. ಆ ಬಿಸಿಲಲ್ಲಿ ಬಸ್ಸಿನ ಓಡಾಟ ಬೇಡ, ನಗರದ ಅಕ್ಕನ ಮನೆಯಲ್ಲಿರಿ ಎಂದೆ. ಹೊಟ್ಟೆ ತೀರಾ ಉಬ್ಬಿದರೆ, ಉಸಿರು ಕಟ್ಟಿದರೆ, ಇಲ್ಲವೇ ಮೂತ್ರ ಕಡಿಮೆಯಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಗರ್ಭಕೋಶದಲ್ಲಿ ಭ್ರೂಣ ಇಟ್ಟ ಮೇಲೆ ಹಾಸಿಗೆ ಹಿಡಿಯಬೇಕಿಲ್ಲ. ಗರ್ಭ ನಿಂತಿದೆಯೇ ಎಂದು ತಿಳಿಯಲು ಸುಮಾರು ಎರಡು ವಾರಕ್ಕೆ ರಕ್ತಪರೀಕ್ಷೆ. ಅದಕ್ಕೆ ಮೊದಲೇ ಮನೆಯಲ್ಲಿ ಮೂತ್ರಪರೀಕ್ಷೆ ಮಾಡಿದರೆ ಅಂಡಾಣು ತೆಗೆಯುವ ಮುನ್ನ ಅದು ಮಾಗಲೆಂದು ಕೊಡುವ ಎಚ್‌ಸಿಜಿ ಹಾರ್ಮೋನಿನ ಇಂಜೆಕ್ಷನ್ನಿನಿಂದಲೇ ಸುಳ್ಳು ಗೆರೆ ಬರಬಹುದು. ಫಲಿತಾಂಶದ ಫೋನು ಬಂದಾಗ ಇಬ್ಬರೂ ಒಟ್ಟಿಗಿರಿ, ಒಬ್ಬರೇ ಕೇಳಿಸಿಕೊಳ್ಳಬೇಡಿ ಎಂದೆ.

ಶಿವಶರಣ ತಾಯಿಗೆ ಹೇಳಿದ. ಎರಡು ದಿನ ಅವರು ಮಗನ ಜೊತೆ ಮಾತಾಡಲಿಲ್ಲವಂತೆ. ಹರಕೆ ಬಿಟ್ಟಿಲ್ಲ, ಬಿಡಬೇಕೆಂದು ನಾನೂ ಹೇಳಿಲ್ಲ. ನೆರೆಯಾಕೆ ಸೊಸೆಯ ಮಾತು ತೆಗೆದಾಗ ಮಾತ್ರ “ದವಾಖಾನಿ ನಡದದ, ನಿಮಗ್ಯಾಕ ಆ ಚಿಂತಿ?” ಎಂದರಂತೆ. ಅಂಡಾಣು ತೆಗೆಯುವುದು ಮುಂದಿನ ವಾರ. ಫಲಿತಾಂಶ ಏನೇ ಆಗಲಿ, ಆಮೇಲೂ ಇಬ್ಬರೂ ಬರಬೇಕೆಂದು ಹೇಳಿದ್ದೇನೆ.