ನಡುವೆ ‘ಅಮ್ಮ’ ಅನ್ನೋದೊಂದೇ ಕೇಳುತ್ತೆ

ಪ್ರಶ್ನೆ: ನನಗೆ 66 ವರ್ಷ. ಯಜಮಾನರು ಹೋದ ಮೇಲೆ ಬೆಂಗಳೂರಿನಲ್ಲಿ ಮಗನ ಜೊತೆ ಇದ್ದೇನೆ. ಎರಡು ಕೋಣೆಯ ಮನೆ. ಮಗ, ಸೊಸೆ ಅಡುಗೆಮನೆಯಲ್ಲಿ ನಿಂತು ಗುಸುಗುಸು ಮಾತಾಡುತ್ತಾರೆ. ಅವಳು ಹೇಳುವುದು ಒಂದೂ ಕೇಳಿಸುವುದಿಲ್ಲ. ಮಗ ‘ಹೂಂ, ಹೂಂ’ ಅನ್ನುವುದು ಕೇಳುತ್ತದೆ. ನಡುನಡುವೆ ‘ಅಮ್ಮ’ ಅನ್ನುವ ಮಾತು. ಏನಪ್ಪಾ ಅಂದರೆ ‘ಏನಿಲ್ಲಮ್ಮ’ ಅನ್ನುತ್ತಾನೆ. ಮೊನ್ನೆ ಕುಕ್ಕರ್ ಕೂಗಿದ್ದು ಗೊತ್ತಾಗದೆ ಬೇಳೆ ಸೀದುಹೋಯಿತು. ಆಗಲೂ ಇಬ್ಬರೂ ಏನೋ ಪಿಸುಗುಟ್ಟಿಕೊಂಡರು. ಅವಳು ಮಗನ ಕಿವಿ ಊದುತ್ತಿದ್ದಾಳೆ ಅನಿಸುತ್ತದೆ. ಊರಿಗೆ ಹೋಗಿಬಿಡಲೇ?

ಉತ್ತರ: ಅಮ್ಮಾ, ಊರಿಗೆ ಹೋಗುವ ಮಾತು ಸದ್ಯಕ್ಕೆ ಬೇಡ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಕುಕ್ಕರಿನ ಸಾಲಿಗೆ ಬಂದು ನಿಂತುಬಿಟ್ಟೆ. ಪಕ್ಕದ ಮನೆಗೂ ಕೇಳುವ ಸದ್ದು ಅದು, ಅಲ್ವಾ? ನಿಮಗೆ ಕೇಳಿಸಲಿಲ್ಲ.

ವಯಸ್ಸಾಗುತ್ತಾ ಬಂದಾಗ ಕಿವಿಯಿಂದ ಸಾಮಾನ್ಯವಾಗಿ ಮೊದಲು ಜಾರುವುದು ಕೀರಲು ಸದ್ದು. ಕುಕ್ಕರ್ ವಿಷಲ್, ಹಕ್ಕಿಯ ಚಿಲಿಪಿಲಿ, ಮಾತಿನಲ್ಲಿ ಬರುವ ಸ, ಶ, ಚ. ಹೆಂಗಸರ ತೆಳು ದನಿಯೂ ಗಂಡಸರ ದನಿಗಿಂತ ಬೇಗ ಮಸುಕಾಗುತ್ತದೆ. ‘ಅ’, ‘ಮ’ ದಪ್ಪ ಸದ್ದುಗಳು, ಅವು ಉಳಿಯುತ್ತವೆ. ಈಗ ನೀವು ಬರೆದದ್ದನ್ನೇ ನೋಡಿ. ಸೊಸೆಯ ಮಾತಿಲ್ಲ, ಮಗನ ‘ಹೂಂ’ ಇದೆ, ‘ಅಮ್ಮ’ ಇದೆ. ‘ಅಮ್ಮನ ಕಾಫಿಗೆ ಸಕ್ಕರೆ ಜಾಸ್ತಿ ಆಯ್ತಾ?’ ಎಂದು ಅವಳು ಕೇಳಿದ್ದರೂ ನಿಮಗೆ ಸಿಕ್ಕಿರುವುದು ಆ ‘ಅಮ್ಮ’ ಒಂದೇ ಇರಬಹುದು. ಮಿಕ್ಕಿದ್ದನ್ನು ಮನಸ್ಸೇ ತುಂಬಿಕೊಳ್ಳುತ್ತದೆ. ಒಂಟಿಯಾದ ಮನಸ್ಸು ಕೆಟ್ಟದ್ದನ್ನೇ ಮೊದಲು ತುಂಬಿಕೊಳ್ಳುತ್ತದೆ.

ಹಾಗಂತ ಎಲ್ಲವನ್ನೂ ಕಿವಿಯ ಮೇಲೆ ಹಾಕುತ್ತಿಲ್ಲ. ಅವರು ನಿಜವಾಗಿಯೂ ಪಿಸುಗುಡುತ್ತಿರಬಹುದು. ಎರಡು ಕೋಣೆಯ ಮನೆಯಲ್ಲಿ ಗಂಡ ಹೆಂಡತಿಗೆ ಬೇರೆ ಜಾಗ ಎಲ್ಲಿದೆ? ನಿಮ್ಮ ಅತ್ತೆ ಪಕ್ಕದಲ್ಲೇ ಇದ್ದಾಗ ನೀವು ಯಜಮಾನರ ಹತ್ತಿರ ಜೋರಾಗಿ ಮಾತಾಡಿದ್ದುಂಟಾ? ಮಗುವಿಗೆ ಹೆಸರಿಡುವಾಗ ಅದರ ಕಿವಿಯಲ್ಲಿ ಮೆಲ್ಲಗೆ ಹೇಳುತ್ತೇವೆ. ಬಸವಣ್ಣನ ಕಿವಿಯಲ್ಲಿ ನಮ್ಮ ಕಷ್ಟ ಉಸುರುತ್ತೇವೆ. ದನಿ ತಗ್ಗಿಸಿದ್ದೆಲ್ಲ ಚಾಡಿ ಆಗಬೇಕಿಲ್ಲ.

ಆದರೆ ‘ಏನಿಲ್ಲಮ್ಮ’ ಅನ್ನುವುದು ಮಗನ ತಪ್ಪೇ. ಆ ಒಂದು ಮಾತು ಬಾಗಿಲು ಹಾಕಿಬಿಡುತ್ತದೆ. ಅವನು ಒಬ್ಬನೇ ಸಿಕ್ಕಾಗ, ಕಾಫಿ ಕುಡಿಯುತ್ತಾ ಹೇಳಿ: ‘ನಿಮ್ಮಿಬ್ಬರ ಮಾತಾದ್ರೆ ಹಾಗಂತಲೇ ಹೇಳಪ್ಪ, ನಂಗೆ ಬೇಜಾರಿಲ್ಲ. ನನ್ನ ವಿಷಯವಾದ್ರೆ ಎದುರಿಗೆ ಕೂತು ಹೇಳು. ಏನಿಲ್ಲ ಅನ್ನಬೇಡ.’ ಸೊಸೆಯ ಹೆಸರು ಎತ್ತಲೇಬೇಡಿ.

ಅದಕ್ಕೂ ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ಕೆಲವು ಸಲ ಬರೀ ಗುಗ್ಗೆ ಕಟ್ಟಿರುತ್ತದೆ, ತೆಗೆದರೆ ಸರಿಹೋಗುತ್ತದೆ. ಇಲ್ಲದಿದ್ದರೆ ಕೇಳುವ ಪರೀಕ್ಷೆ ಮಾಡುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳುತ್ತಾರೆ. ನೋವೇನೂ ಇಲ್ಲ. ಮೈಸೂರು ಕಡೆ ಹೋಗುವುದಿದ್ದರೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಪರೀಕ್ಷೆ ಇದೆ.

ಜೊತೆಗೆ ಸೊಸೆಯನ್ನೇ ಕರೆದುಕೊಂಡು ಹೋಗಿ. ಯಾವ ಸದ್ದು ನಿಮಗೆ ಸಿಗುತ್ತಿಲ್ಲ ಎಂದು ಡಾಕ್ಟರ್ ಹೇಳುವುದನ್ನು ಅವಳೂ ಕೇಳಲಿ. ಆಮೇಲೆ ಟಿವಿ ಆರಿಸಿ, ಮುಖ ನೋಡಿಕೊಂಡು, ನಿಧಾನವಾಗಿ ಮಾತಾಡು ಎಂದು ಕೇಳಿಕೊಳ್ಳಿ. ಕೂಗುವುದು ಬೇಡ, ಕೂಗಿದರೆ ಮಾತು ಇನ್ನೂ ಕಲಸಿಹೋಗುತ್ತದೆ. ಪರೀಕ್ಷೆ ಆದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ, ಕಾಯುತ್ತಿರುತ್ತೇನೆ.